ರಾಣಿಯ ಮಾತು, ಮನೆ ಬಾಗಿಲಿನ ಸಿಪಾಯಿ

1896ರ ಅಕ್ಟೋಬರಿನಲ್ಲಿ ಮುಂಬಯಿಯ ಎಸ್ಪ್ಲನೇಡ್ ಬಳಿ ಇದ್ದ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಮೂರ್ತಿಗೆ ಯಾರೋ ಡಾಂಬರು ಬಳಿದು ಹೋದರು. ಬರೋಡೆಯ ಖಂಡೇರಾವ್ ಗಾಯಕವಾಡರ ಕೊಡುಗೆಯಾಗಿ 1872ರಲ್ಲಿ ಸ್ಥಾಪನೆಗೊಂಡಿದ್ದ ಮೂರ್ತಿ ಅದು. ಅದಕ್ಕೆ ಕೆಲವೇ ವಾರ ಮುಂಚೆ, ಬಂದರಿಗೆ ಅಂಟಿಕೊಂಡ ಮಾಂಡವಿ ಪೇಟೆಯಲ್ಲಿ ಧಾನ್ಯದ ಗೋದಾಮುಗಳ ನಡುವೆ ಡಾ. ಅಕಾಸಿಯೊ ವಿಯೆಗಾಸ್ ಎಂಬ ಗೋವಾ ಮೂಲದ ವೈದ್ಯರು ಪ್ಲೇಗನ್ನು ಗುರುತಿಸಿದ್ದರು. ಗಿರಣಿ ಕಾರ್ಮಿಕರ ಚಾಳುಗಳಲ್ಲಿ ಈ ಎರಡು ಸುದ್ದಿಗಳೂ ಒಂದಕ್ಕೊಂದು ಬೆಸೆದುಕೊಂಡವು. ತನ್ನ ಮೂರ್ತಿಗಾದ ಅವಮಾನದಿಂದ ರಾಣಿ ಮುನಿದಿದ್ದಾಳೆ, ಅವಳ ಸಿಟ್ಟು ತಣಿಸಲು ಆಸ್ಪತ್ರೆಗೆ ಒಯ್ದವರ ಗುಂಡಿಗೆ ಕಿತ್ತು ವಿಲಾಯತಿಗೆ ಕಳಿಸುತ್ತಿದ್ದಾರೆ ಎಂಬ ಮಾತು ಬಾಯಿಂದ ಬಾಯಿಗೆ ಹರಡಿತು. ಅದೇ ತಿಂಗಳ ಕೊನೆಯಲ್ಲಿ ಸಾವಿರದಷ್ಟು ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮೇಲೆ ಬಿದ್ದರು. ರೋಗಿಗಳನ್ನು ಹೊತ್ತೊಯ್ಯುವ ಕಟ್ಟಡವೇ ಅವರ ಕಣ್ಣಿಗೆ ಬಲಿಪೀಠವಾಗಿ ಕಂಡಿತ್ತು.

ಈ ವದಂತಿಯನ್ನು ಅಜ್ಞಾನದ ಮಾದರಿಯೆಂದು ಎತ್ತಿಟ್ಟು ಮುಂದೆ ಸಾಗುವುದು ಸುಲಭ. ಅಂದಿನ ಅಧಿಕಾರಿಗಳು ಹಾಗೆಯೇ ಮಾಡಿದರು. ಆದರೆ ಅದರೊಳಗೆ ಗಮನಿಸಬೇಕಾದ ಒಂದು ರಾಜಕೀಯ ಸಂಗತಿ ಇದೆ. ರೋಗ ಬಂದದ್ದು ಮುಂಬಯಿಗೆ, ಕ್ರಮ ಕೈಗೊಂಡದ್ದು ಮುನಿಸಿಪಾಲಿಟಿ, ರೋಗಿಗಳನ್ನು ಎತ್ತಿಕೊಂಡು ಹೋದವರು ಊರಿನ ಪೊಲೀಸರು ಮತ್ತು ಆರೋಗ್ಯ ಇಲಾಖೆಯ ಆಳುಗಳು. ಜನ ಮಾತ್ರ ಇದಕ್ಕೆಲ್ಲ ಹೊಣೆ ಹೊರಿಸಿದ್ದು ಆರು ಸಾವಿರ ಮೈಲಿ ಆಚೆ ಕುಳಿತ, ತಾವೆಂದೂ ಕಾಣದ ಒಬ್ಬ ಮುದುಕಿಯ ಮೇಲೆ. ರೋಗದ ಕಾಲದಲ್ಲಿ ದೇಶದ ದೊರೆಯ ಮೇಲಿನ ನಂಬಿಕೆ ಹೇಗೆ ಉಳಿಯುತ್ತದೆ, ಹೇಗೆ ಕುಸಿಯುತ್ತದೆ ಎಂದು ತಿಳಿಯಲು ಭಾರತದ ಮಟ್ಟಿಗೆ 1896ರಿಂದ 1907ರವರೆಗಿನ ಪ್ಲೇಗಿನ ದಶಕಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಆ ದಶಕವನ್ನು ಓದಿದಷ್ಟೂ ನನಗೆ ಗಟ್ಟಿಯಾಗುವ ಅಭಿಪ್ರಾಯ ಇದು: ದೊರೆ ಏನು ಹೇಳಿದರು, ಎಷ್ಟು ಮರುಗಿದರು, ಎಷ್ಟು ಹಣ ಕೊಟ್ಟರು ಎಂಬುದರ ಮೇಲೆ ಆ ನಂಬಿಕೆ ನಿಂತಿರಲಿಲ್ಲ. ದೊರೆಯ ಹೆಸರಿನಲ್ಲಿ ಮನೆ ಬಾಗಿಲಿಗೆ ಬಂದ ಕಟ್ಟಕಡೆಯ ಮನುಷ್ಯ ಹೇಗೆ ನಡೆದುಕೊಂಡ, ಯಾರ ಮೈ ಮುಟ್ಟಿದ, ಹೆಣವನ್ನು ಯಾರ ಕೈಗೆ ಕೊಟ್ಟ ಎಂಬುದೇ ಅದನ್ನು ತೀರ್ಮಾನಿಸಿತು.

ಹಾಗಾದರೆ ಮೊದಲು ನಂಬಿಕೆಯೆಂಬುದು ಇತ್ತೇ ಎಂದು ಕೇಳಬೇಕು. ಇಲ್ಲದ್ದು ಕುಸಿಯಲಾರದು. 1858ರ ನವೆಂಬರ್ 1ರಂದು ಕಂಪನಿಯ ಆಳ್ವಿಕೆಯನ್ನು ತಾನು ವಹಿಸಿಕೊಂಡಾಗ ರಾಣಿ ಹೊರಡಿಸಿದ ಘೋಷಣೆ ದೇಶಭಾಷೆಗಳಿಗೆ ಅನುವಾದಗೊಂಡು ಊರೂರುಗಳಲ್ಲಿ ಓದಲ್ಪಟ್ಟಿತ್ತು. ಪ್ರಜೆಗಳ ಧರ್ಮ, ಆಚಾರ, ಪೂಜೆಗಳಲ್ಲಿ ಸರ್ಕಾರ ಕೈ ಹಾಕುವುದಿಲ್ಲ ಎಂಬ ವಚನ ಅದರ ತಿರುಳು. ಮುಂದಿನ ನಾಲ್ಕು ದಶಕ ವಕೀಲರು, ಪತ್ರಿಕೆಗಳು, ಕಾಂಗ್ರೆಸ್ಸಿನ ಮೊದಲ ತಲೆಮಾರಿನ ನಾಯಕರು ಎಲ್ಲರೂ ಅಧಿಕಾರಿಗಳ ಜೊತೆ ವಾದಿಸುವಾಗ ಈ ಘೋಷಣೆಯನ್ನೇ ಮುಂದಿಡುತ್ತಿದ್ದರು. ಕಲೆಕ್ಟರ್ ಕೆಟ್ಟವನಿರಬಹುದು, ಗವರ್ನರ್ ಕಿವುಡನಿರಬಹುದು, ಆದರೆ ರಾಣಿಯ ಮಾತು ಉಳಿದಿದೆ ಎಂಬ ಭಾವನೆ ಮನವಿಪತ್ರಗಳ ಭಾಷೆಯಲ್ಲೆಲ್ಲ ಕಾಣುತ್ತದೆ. 1877ರಲ್ಲಿ ಅವಳು ಭಾರತದ ಚಕ್ರವರ್ತಿನಿ ಎನಿಸಿಕೊಂಡ ಮೇಲೆ ನಾಣ್ಯದ ಮೇಲಿನ ಮುಖ, ಶಾಲೆಯ ಗೋಡೆಯ ಪಟ, ಹಬ್ಬದ ರಜೆ ಎಲ್ಲವೂ ಅವಳನ್ನು ದೂರದ ಆದರೆ ಪರಿಚಿತ ಹಿರಿಯಳಾಗಿಸಿದ್ದವು. ಈ ಭಕ್ತಿ ಎಷ್ಟು ಆಳದ್ದು ಎಂದು ಅಳೆಯುವುದು ಕಷ್ಟ. ಹಳ್ಳಿಯ ಒಕ್ಕಲಿಗನಿಗೆ ರಾಣಿಗಿಂತ ಶ್ಯಾನುಭೋಗ ಹೆಚ್ಚು ಮುಖ್ಯನಾಗಿದ್ದ. ಆದರೂ ಒಂದು ವಚನವಿತ್ತು, ಅದು ಮುರಿಯಬಾರದೆಂಬ ನಿರೀಕ್ಷೆಯಿತ್ತು ಎಂಬುದನ್ನು ಅಲ್ಲಗಳೆಯಲಾಗದು.

ಆ ವಚನಕ್ಕೆ ನೇರವಾಗಿ ಡಿಕ್ಕಿ ಹೊಡೆದದ್ದು 1897ರ ಫೆಬ್ರುವರಿ 4ರಂದು ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ. ಹೆಚ್ಚು ಚರ್ಚೆಯಿಲ್ಲದೆ ಅಂಗೀಕಾರವಾದ ಈ ಚಿಕ್ಕ ಕಾಯ್ದೆ ಸರ್ಕಾರಕ್ಕೆ ಮನೆ ಶೋಧಿಸುವ, ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ, ರೋಗಿಗಳನ್ನೂ ಶಂಕಿತರನ್ನೂ ಬೇರ್ಪಡಿಸುವ ಅಧಿಕಾರ ಕೊಟ್ಟಿತು. ಕಾಯ್ದೆಯ ಅಡಿಯಲ್ಲಿ ಸದ್ಭಾವನೆಯಿಂದ ನಡೆದುಕೊಂಡ ಅಧಿಕಾರಿಯ ಮೇಲೆ ಯಾರೂ ದಾವೆ ಹೂಡುವಂತಿಲ್ಲ ಎಂದೂ ಸೇರಿಸಿತು. ಈ ಅವಸರಕ್ಕೆ ಕಾರಣ ಮುಂಬಯಿಯ ಸಾವುಗಳಷ್ಟೇ ಆಗಿರಲಿಲ್ಲ. ಅದೇ ತಿಂಗಳು ವೆನಿಸ್‌ನಲ್ಲಿ ಐರೋಪ್ಯ ದೇಶಗಳು ಪ್ಲೇಗಿನ ಬಗ್ಗೆ ಸಮ್ಮೇಳನ ಕರೆದಿದ್ದವು. ಭಾರತದ ಹಡಗುಗಳನ್ನೂ ಸರಕನ್ನೂ ತಮ್ಮ ಬಂದರುಗಳಿಂದ ದೂರವಿಡುವ ಬೆದರಿಕೆ ಎದುರಿಗೇ ಇತ್ತು. ತಾನು ಕೈಕಟ್ಟಿ ಕುಳಿತಿಲ್ಲವೆಂದು ಜಗತ್ತಿಗೆ ತೋರಿಸಬೇಕಾದ ಒತ್ತಡದಲ್ಲಿ ಸರ್ಕಾರ ಮುಂಬಯಿಯ ಪ್ಲೇಗ್ ಸಮಿತಿಯನ್ನು ಬ್ರಿಗೇಡಿಯರ್ ಜನರಲ್ ಗೆಟೇಕರ್ ಎಂಬ ಸೇನಾಧಿಕಾರಿಯ ಕೈಗೆ ಕೊಟ್ಟಿತು. ಚರಂಡಿಗಳಿಗೆ ಸಮುದ್ರದ ನೀರನ್ನೂ ಕಾರ್ಬಾಲಿಕ್ ಆಮ್ಲವನ್ನೂ ಹರಿಸಿದರು. ಬೆಳಕು ಬೀಳಲೆಂದು ಮನೆಗಳ ಹೆಂಚು ತೆಗೆಸಿದರು, ನೆಲ ಅಗೆಸಿದರು, ಹಾಸಿಗೆ ಬಟ್ಟೆಗಳನ್ನು ಸುಟ್ಟರು, ವಾಸಕ್ಕೆ ಯೋಗ್ಯವಲ್ಲ ಎಂಬುದನ್ನು ಸೂಚಿಸುವ ಮೂರಕ್ಷರವನ್ನು ಗೋಡೆಗಳ ಮೇಲೆ ಬರೆಸಿದರು. ಜನ ಓಡಿದರು. ಎಂಟೂವರೆ ಲಕ್ಷದಷ್ಟು ಜನಸಂಖ್ಯೆಯ ನಗರದಿಂದ ಕೆಲವೇ ತಿಂಗಳಲ್ಲಿ ಅರ್ಧದ ಸಮೀಪ ಜನ ಹೊರಟು ಹೋದರು. ಅವರ ಗಂಟುಮೂಟೆಯ ಜೊತೆ ರೋಗವೂ ರೈಲು ಹತ್ತಿತು.

ಪುಣೆಯಲ್ಲಿ ನಡೆದದ್ದು ಇನ್ನೂ ಕಠೋರ. ಅಲ್ಲಿ ಪ್ಲೇಗ್ ಸಮಿತಿಯ ಮುಖ್ಯಸ್ಥರಾಗಿ ಬಂದ ವಾಲ್ಟರ್ ರ‍್ಯಾಂಡ್ 1897ರ ಮಾರ್ಚ್‌ನಿಂದ ಮೇವರೆಗೆ ಗೋರಾ ಸಿಪಾಯಿಗಳ ತುಕಡಿಗಳನ್ನು ಪೇಟೆಗಳಿಗೆ ಇಳಿಸಿದರು. ಬೆಳಗಾಗುತ್ತಲೇ ಒಂದು ಓಣಿಯನ್ನು ಸುತ್ತುವರಿಯುವುದು, ಬಾಗಿಲು ತೆರೆಯದಿದ್ದರೆ ಒಡೆಯುವುದು, ಬೂಟುಗಾಲಿನಲ್ಲಿ ದೇವರ ಕೋಣೆಗೂ ಅಡುಗೆಮನೆಗೂ ನುಗ್ಗುವುದು, ಬಗಲು ತೊಡೆಸಂದುಗಳಲ್ಲಿ ಗಂಟು ಇದೆಯೇ ಎಂದು ನೋಡುವುದು. ಹೆಂಗಸರನ್ನು ಬೀದಿಯಲ್ಲಿ ಎಲ್ಲರೆದುರು ಪರೀಕ್ಷಿಸಿದರೆಂಬ ದೂರುಗಳು ಪತ್ರಿಕೆಗಳಲ್ಲಿ ಬಂದವು. ದೇವರ ವಿಗ್ರಹ ಎಸೆದರು, ಸಾಮಾನು ಕದ್ದರು ಎಂಬ ದೂರುಗಳೂ ಬಂದವು. ಸಮಿತಿ ಇವುಗಳಲ್ಲಿ ಹೆಚ್ಚಿನವನ್ನು ಆಧಾರವಿಲ್ಲದ್ದೆಂದು ತಳ್ಳಿಹಾಕಿತು. ಆಗ ಇಂಗ್ಲೆಂಡಿನಲ್ಲಿದ್ದ ಗೋಪಾಲಕೃಷ್ಣ ಗೋಖಲೆ ಊರಿನಿಂದ ಬಂದ ಪತ್ರಗಳನ್ನು ನಂಬಿ ಅಲ್ಲಿ ಆರೋಪ ಮಾಡಿದರು. ಹಿಂದಿರುಗಿದ ಮೇಲೆ ಅದಕ್ಕೆ ಸಾಕ್ಷಿ ಒದಗಿಸಲಾಗದೆ ಕ್ಷಮೆ ಕೇಳಬೇಕಾಯಿತು. ಈ ಕ್ಷಮೆಯನ್ನು ಸರ್ಕಾರ ತನ್ನ ಗೆಲುವೆಂದು ಎಣಿಸಿದ್ದು ದೊಡ್ಡ ತಪ್ಪು. ತಮ್ಮ ಮನೆಯ ಹೆಣ್ಣುಮಗಳಿಗೆ ಬೀದಿಯಲ್ಲಿ ಹೀಗಾಯಿತೆಂದು ಹೆಸರು ಹೇಳಿಕೊಂಡು ಕಚೇರಿಗೆ ಬಂದು ಸಾಕ್ಷಿ ನುಡಿಯುವವರು ಅಂದಿನ ಪುಣೆಯಲ್ಲಿ ಎಷ್ಟು ಮಂದಿ ಇದ್ದಾರು? ಸಾಕ್ಷಿ ಸಿಗದಿದ್ದುದರಿಂದ ನೋವು ಸುಳ್ಳಾಗುವುದಿಲ್ಲ. ಗೋಖಲೆಯಂಥ ಮೃದು ಮಾತಿನ, ಸರ್ಕಾರದೊಡನೆ ಸಂವಾದವನ್ನೇ ನಂಬಿದ್ದ ಮನುಷ್ಯನನ್ನು ತಲೆ ತಗ್ಗಿಸುವಂತೆ ಮಾಡಿದಾಗ, ದೂರು ಹೇಳಿಕೊಳ್ಳಲು ಉಳಿದಿದ್ದ ಒಂದು ದಾರಿಯನ್ನೂ ಸರ್ಕಾರ ಮುಚ್ಚಿದಂತಾಯಿತು.

1897ರ ಜೂನ್ 22 ರಾಣಿಯ ಆಳ್ವಿಕೆಗೆ ಅರವತ್ತು ವರ್ಷ ತುಂಬಿದ ವಜ್ರಮಹೋತ್ಸವದ ದಿನ. ಆ ರಾತ್ರಿ ಪುಣೆಯ ಗಣೇಶಖಿಂಡದ ಗವರ್ನರ್ ನಿವಾಸದಲ್ಲಿ ಉತ್ಸವ ಮುಗಿಸಿ ಹೊರಟ ರ‍್ಯಾಂಡ್ ಮತ್ತು ಲೆಫ್ಟಿನೆಂಟ್ ಐಯರ್ಸ್ಟ್ ಅವರನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದರು. ಸಿಕ್ಕಿಬಿದ್ದ ಮೇಲೆ ದಾಮೋದರ ಚಾಪೇಕರ್ ಮುಂಬಯಿಯಲ್ಲಿ ರಾಣಿಯ ಮೂರ್ತಿಗೆ ಡಾಂಬರು ಬಳಿದವನೂ ತಾನೇ ಎಂದು ಹೇಳಿಕೊಂಡ. ಮೂರ್ತಿಯ ಅವಮಾನ, ಪ್ಲೇಗಿನ ಅಧಿಕಾರಿಯ ಕೊಲೆ, ಸಾಮ್ರಾಜ್ಞಿಯ ಉತ್ಸವ ಮೂರೂ ಒಂದೇ ದಾರದಲ್ಲಿ ಹೀಗೆ ಪೋಣಿಸಿಕೊಂಡದ್ದನ್ನು ಆಕಸ್ಮಿಕವೆಂದು ನಾನು ಭಾವಿಸಲಾರೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪುಣೆಯ ಮುಖಂಡ ಟಿಳಕರಿಗೆ ರಾಜದ್ರೋಹದ ಆರೋಪದ ಮೇಲೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಊರು ಬಿಟ್ಟು ಹೋದ ಮುಖಂಡರನ್ನು ಟೀಕಿಸಿ, ತಾವು ಪುಣೆಯಲ್ಲೇ ಉಳಿದು, ಹಿಂದೂಗಳಿಗಾಗಿ ಪ್ಲೇಗ್ ಆಸ್ಪತ್ರೆ ತೆರೆಯಲು ನಿಂತವರು ಅವರು. ರೋಗಿಗಳನ್ನು ಬೇರ್ಪಡಿಸುವುದನ್ನು ತಾತ್ವಿಕವಾಗಿ ವಿರೋಧಿಸಿದವರಲ್ಲ. ಜನರಿಗೂ ಸರ್ಕಾರಕ್ಕೂ ನಡುವೆ ನಿಲ್ಲಬಲ್ಲವರನ್ನೇ ಸರ್ಕಾರ ಜೈಲಿಗೆ ಕಳಿಸಿತ್ತು. ಅದೇ ಊರಿನಲ್ಲಿ ಆ ಮಾರ್ಚ್ ತಿಂಗಳು ಸಾವಿತ್ರಿಬಾಯಿ ಫುಲೆ ರೋಗಿಗಳ ಶುಶ್ರೂಷೆ ಮಾಡುತ್ತಲೇ ಪ್ಲೇಗ್ ತಗುಲಿ ತೀರಿಕೊಂಡಿದ್ದರು. ರೋಗಿಯನ್ನು ಆಸ್ಪತ್ರೆಗೆ ಸೇರಿಸುವ ಕೆಲಸವನ್ನೇ ಅವರೂ ಮಾಡಿದ್ದು. ಸಿಪಾಯಿ ಮಾಡಿದಾಗ ದಂಗೆ ಎಬ್ಬಿಸಿದ ಆ ಕೆಲಸ ಅವರ ಕೈಯಲ್ಲಿ ಸೇವೆಯಾಗಿತ್ತು.

ನನ್ನ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಪ್ಲೇಗು ಹಬ್ಬಿದರೆ ಲಕ್ಷಾಂತರ ಜನ ಸಾಯುತ್ತಾರೆ, ಅಂಥ ಹೊತ್ತಿನಲ್ಲಿ ಅಡುಗೆಮನೆಯ ಮಡಿ ನೋಡುತ್ತಾ ಕೂರಲಾಗದು, ವಿಜ್ಞಾನ ಹೇಳಿದ್ದನ್ನು ಸರ್ಕಾರ ಮಾಡಿತು, ಜನ ಮೂಢನಂಬಿಕೆಯಿಂದ ಎದುರಿಸಿದರು ಎಂಬ ವಾದ ಅದು. ಆದರೆ ಅಂದಿನ ವಿಜ್ಞಾನಕ್ಕೆ ಎಷ್ಟು ಗೊತ್ತಿತ್ತು? 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ರೋಗಾಣುವನ್ನು ಕಂಡುಹಿಡಿದಿದ್ದ, ನಿಜ. ಅದು ಮನುಷ್ಯನ ಮೈ ಸೇರುವ ಬಗೆ ಯಾರಿಗೂ ಖಚಿತವಿರಲಿಲ್ಲ. ಕೊಳಕು, ಕೆಟ್ಟ ಗಾಳಿ, ನೆಲದ ತೇವ, ರೋಗಿಯ ಬಟ್ಟೆ ಇವುಗಳ ಮೇಲೆ ಯುದ್ಧ ಸಾರಲಾಗಿತ್ತು. ಇಲಿಯ ಚಿಗಟದಿಂದ ರೋಗ ದಾಟುತ್ತದೆಂದು ಪಾಲ್ ಲೂಯಿ ಸೀಮಾಂ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ. ಭಾರತ ಸರ್ಕಾರ ನೇಮಿಸಿದ್ದ ಪ್ಲೇಗ್ ಆಯೋಗ ಅದನ್ನು ಒಪ್ಪಲಿಲ್ಲ. 1905ರ ನಂತರ ಮುಂಬಯಿಯಲ್ಲಿ ನಡೆದ ಸರಣಿ ಪ್ರಯೋಗಗಳ ಮೇಲಷ್ಟೇ ಆ ಸತ್ಯಕ್ಕೆ ಮನ್ನಣೆ ಸಿಕ್ಕಿತು. ಚರಂಡಿಗೆ ಸುರಿದ ಕಾರ್ಬಾಲಿಕ್ ಆಮ್ಲ ಇಲಿಗಳನ್ನು ಮನೆಗಳತ್ತ ಓಡಿಸಿದ್ದೇ ಹೆಚ್ಚಿರಬೇಕು. ಗಂಟಿನ ಪ್ಲೇಗು ರೋಗಿಯಿಂದ ರೋಗಿಗೆ ಸುಲಭವಾಗಿ ಹಬ್ಬುವುದಿಲ್ಲವಾದ್ದರಿಂದ, ತಾಯಿಯಿಂದ ಮಗುವನ್ನು ಕಿತ್ತು ಬೇರ್ಪಡಿಸಿದ್ದರಲ್ಲಿ ಬಹುಪಾಲು ವ್ಯರ್ಥವಾಗಿತ್ತು.

ಇದಕ್ಕೆದುರಾಗಿ ಜನರ ಅನುಭವ ಏನು ಹೇಳುತ್ತಿತ್ತು ನೋಡಿ. ಹಿಮಾಲಯದ ಗಢವಾಲ ಕುಮಾವುಗಳ ಹಳ್ಳಿಗರು ಇಲಿ ಸತ್ತು ಬಿದ್ದ ಕೂಡಲೇ ಊರು ಬಿಟ್ಟು ಕಾಡಿಗೆ ಹೋಗುವುದನ್ನು ಬಹಳ ಹಿಂದಿನಿಂದ ರೂಢಿ ಮಾಡಿಕೊಂಡಿದ್ದರು. ನಮ್ಮ ಕಡೆಯೂ 1898ರ ನಂತರದ ದಶಕಗಳಲ್ಲಿ ಇಲಿ ಬಿತ್ತೆಂದರೆ ಮನೆಗೆ ಬೀಗ ಹಾಕಿ ಹೊಲದಲ್ಲೋ ತೋಪಿನಲ್ಲೋ ಗುಡಿಸಲು ಕಟ್ಟಿಕೊಂಡು, ಬೇನೆ ಇಳಿಯುವವರೆಗೆ ಅಲ್ಲೇ ಅಡುಗೆ ಬಾಣಂತನಗಳೆಲ್ಲ ನಡೆಯುವ ಪದ್ಧತಿ ನೆಲೆಯೂರಿತು. ಇಂದಿಗೆ ಗೊತ್ತಿರುವುದರ ಪ್ರಕಾರ ಅದು ಸರಿಯಾದ ಕ್ರಮ, ಏಕೆಂದರೆ ಅದು ಮನುಷ್ಯನನ್ನು ಇಲಿಯಿಂದ ದೂರ ಮಾಡುತ್ತದೆ. ಆಸ್ಪತ್ರೆಯ ಬಗೆಗಿನ ಭಯಕ್ಕೂ ಲೆಕ್ಕವಿತ್ತು. ಔಷಧಿಯಿಲ್ಲದ ಆ ಕಾಲದಲ್ಲಿ ಪ್ಲೇಗಿಗೆ ಸಿಕ್ಕವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಾಯುತ್ತಿದ್ದರು, ಆಸ್ಪತ್ರೆಗೆ ಒಯ್ದವರು ಬಹುಪಾಲು ಮರಳಿ ಬರುತ್ತಿರಲಿಲ್ಲ. ಒಳಗೆ ಏನಾಯಿತೆಂದು ಮನೆಯವರಿಗೆ ಹೇಳುವವರಿಲ್ಲ, ಹೆಣಕ್ಕೆ ಪರೀಕ್ಷೆ, ಸಂಸ್ಕಾರಕ್ಕೆ ಅಡ್ಡಿ. ಗುಂಡಿಗೆ ಕೀಳುತ್ತಾರೆ ಎಂಬ ವದಂತಿ ಸುಳ್ಳು. ಆದರೆ ಹೋದವರು ಬರುವುದಿಲ್ಲ ಎಂಬ ಅದರ ಅಡಿಪಾಯ ನಿಜವಾಗಿತ್ತು.

ಎರಡನೆಯ ಆಕ್ಷೇಪ ಇತಿಹಾಸಕಾರರದ್ದು. ಈ ವದಂತಿಗಳು ನಮಗೆ ಸಿಕ್ಕಿರುವುದು ಅಧಿಕಾರಿಗಳ ವರದಿಗಳಿಂದ, ಇಂಗ್ಲಿಷ್ ಪತ್ರಿಕೆಗಳಿಂದ, ದೇಶಭಾಷಾ ಪತ್ರಿಕೆಗಳ ಸರ್ಕಾರಿ ಸಾರಾಂಶಗಳಿಂದ. ಕೂಲಿಕಾರನ ಬಾಯಿಯ ಮಾತು ಮೂರು ಕೈ ದಾಟಿ ಬರುವಾಗ ಬಣ್ಣ ಬದಲಾಯಿಸಿರಬಹುದು, ವರದಿ ಮಾಡಿದವನಿಗೆ ಜನರನ್ನು ಮೂಢರೆಂದು ತೋರಿಸುವ ಆಸೆಯೂ ಇದ್ದಿರಬಹುದು. ಈ ಎಚ್ಚರಿಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದ್ದರಿಂದಲೇ ಮಾತಿಗಿಂತ ನಡವಳಿಕೆಯನ್ನು ನೋಡಬೇಕು. ಲಕ್ಷಾಂತರ ಜನ ಊರು ಬಿಟ್ಟದ್ದು, ಆಸ್ಪತ್ರೆಯ ಮೇಲೆ ದಾಳಿ ನಡೆದದ್ದು, 1898ರ ಮಾರ್ಚ್‌ನಲ್ಲಿ ಮುಂಬಯಿಯ ನೇಕಾರ ಮುಸ್ಲಿಮರು ಮನೆಯ ಹೆಣ್ಣುಮಗಳ ಪರೀಕ್ಷೆಗೆ ಬಂದವರನ್ನು ತಡೆದು ಅದು ನಗರವ್ಯಾಪಿ ಗಲಭೆಯಾದದ್ದು, 1900ರ ಏಪ್ರಿಲ್‌ನಲ್ಲಿ ಕಾನಪುರದಲ್ಲಿ ಪ್ರತ್ಯೇಕವಾಸದ ಶಿಬಿರವನ್ನೇ ಜನ ನಾಶ ಮಾಡಿದ್ದು ಯಾವ ವರದಿಗಾರನ ಕಲ್ಪನೆಯೂ ಅಲ್ಲ. ಬೇರೆ ಬೇರೆ ಧರ್ಮ, ಜಾತಿ, ಪ್ರಾಂತಗಳ ಜನ ಪ್ರತಿಭಟಿಸಿದ ಜಾಗಗಳು ಒಂದೇ ಬಗೆಯವು: ಹೆಂಗಸಿನ ಮೈ, ರೋಗಿಯನ್ನು ಮನೆಯಿಂದ ಎತ್ತುವುದು, ಹೆಣದ ಸಂಸ್ಕಾರ. ಸಾಮ್ರಾಜ್ಯದ ಬಗೆಗಿನ ತೀರ್ಪು ಅಲ್ಲಿ ರೂಪುಗೊಂಡಿತು.

ಇಲ್ಲಿ ಹಿರಿಯರ ಮಾತಿಗೆ, ಮುಖಂಡನ ವರ್ಚಸ್ಸಿಗೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಇದೆ. ಅದಕ್ಕೆ ಅತ್ಯುತ್ತಮ ಸಾಕ್ಷಿ ಖೋಜಾ ಮುಸ್ಲಿಮರ ಧರ್ಮಗುರು ಮೂರನೆಯ ಆಗಾ ಖಾನ್. ಒಡೆಸ್ಸಾದಿಂದ ಬಂದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪ್ಲೇಗಿಗೆ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದ. ಸೂಜಿಯ ಬಗ್ಗೆ ಜನರಲ್ಲಿ ದಿಗಿಲಿತ್ತು. ಚುಚ್ಚಿಸಿಕೊಂಡರೆ ಗಂಡಸರು ಷಂಡರಾಗುತ್ತಾರೆ, ಹೆಂಗಸರು ಬಂಜೆಯರಾಗುತ್ತಾರೆ, ಆರೇ ತಿಂಗಳಲ್ಲಿ ಸಾವು ಎಂಬ ಮಾತುಗಳು ಮುಂದೆ ಪಂಜಾಬಿನವರೆಗೂ ಹಬ್ಬಿದವು. ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಆಗಾ ಖಾನ್ ಹಾಫ್‌ಕಿನ್‌ಗೆ ಕೆಲಸ ಮಾಡಲು ತಮ್ಮ ಕಟ್ಟಡವನ್ನೇ ಬಿಟ್ಟುಕೊಟ್ಟರು. ತಮ್ಮ ಖೋಜಾ ಅನುಯಾಯಿಗಳೆಲ್ಲ ನೋಡುವಂತೆ ಬಹಿರಂಗವಾಗಿ, ಒಂದಕ್ಕಿಂತ ಹೆಚ್ಚು ಬಾರಿ, ಲಸಿಕೆ ಹಾಕಿಸಿಕೊಂಡರು. ಖೋಜಾಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಮುಂದೆ ಬಂದರು. ಇದು ನನ್ನ ವಾದಕ್ಕೆ ವಿರುದ್ಧವೆಂದು ತೋರಬಹುದು, ನಾಯಕನ ವ್ಯಕ್ತಿತ್ವವೇ ಇಲ್ಲಿ ಕೆಲಸ ಮಾಡಿತಲ್ಲ ಎಂದು. ಆದರೆ ಆಗಾ ಖಾನ್ ಲಂಡನ್ನಿನಿಂದ ಸಂದೇಶ ಕಳಿಸಲಿಲ್ಲ. ಅದೇ ಊರಿನಲ್ಲಿ, ಅದೇ ರೋಗದ ನಡುವೆ, ಅದೇ ಸೂಜಿಗೆ ತೋಳೊಡ್ಡಿದರು. ದೊರೆಯೂ ಮನೆ ಬಾಗಿಲಿನ ಮನುಷ್ಯನೂ ಅವರಲ್ಲಿ ಒಬ್ಬರೇ ಆಗಿದ್ದರು. ಮುಂಬಯಿಯಲ್ಲಿ ಪಾರ್ಸಿ, ಜೈನ, ಹಿಂದೂ, ಮುಸ್ಲಿಂ ಸಮುದಾಯಗಳಿಗೆ ತಮ್ಮವೇ ಪ್ಲೇಗ್ ಆಸ್ಪತ್ರೆ ತೆರೆಯಲು ಬಿಟ್ಟಾಗಲೂ ಇದೇ ಆಯಿತು. ಚಿಕಿತ್ಸೆಯಲ್ಲಿ ವ್ಯತ್ಯಾಸ ಹೆಚ್ಚಿರಲಿಲ್ಲ. ಹಾಸಿಗೆಯ ಪಕ್ಕ ಅಣ್ಣನೋ ತಾಯಿಯೋ ಕೂರಬಹುದಿತ್ತು, ತಮ್ಮವರ ಕೈ ಅಡುಗೆ ಸಿಗುತ್ತಿತ್ತು, ಸತ್ತರೆ ಹೆಣ ಮನೆಯವರ ಕೈಗೆ ಬರುತ್ತಿತ್ತು.

ಕನ್ನಡ ನಾಡಿನ ಮಟ್ಟಿಗೆ ಈ ವಿಷಯದಲ್ಲಿ ಹುಬ್ಬಳ್ಳಿಯದು ದೊಡ್ಡ ಅಧ್ಯಾಯ. ಅಂದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ, ಸದರ್ನ್ ಮರಾಠಾ ರೈಲ್ವೆಯ ಕಾರ್ಖಾನೆಯಿದ್ದ, ಹತ್ತಿಯ ವ್ಯಾಪಾರದ ಊರು ಅದು. ಐವತ್ತು ಸಾವಿರದ ಆಸುಪಾಸು ಜನ. 1898ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಲ್ಯೂಮನ್ ಎಂಬ ವೈದ್ಯರ ಮೇಲ್ವಿಚಾರಣೆಯಲ್ಲಿ ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಹಾಫ್‌ಕಿನ್ ಲಸಿಕೆ ಹಾಕಿಸಿಕೊಂಡರು. ಅಷ್ಟು ದೊಡ್ಡ ಪ್ರಮಾಣದ ಲಸಿಕೆ ಆ ಹೊತ್ತಿಗೆ ಬೇರೆಲ್ಲೂ ಸುಲಭಕ್ಕೆ ನಡೆದಿರಲಿಲ್ಲ. ಹುಬ್ಬಳ್ಳಿಯವರಿಗೆ ಮುಂಬಯಿಯವರಿಗಿಂತ ವಿಜ್ಞಾನ ಹೆಚ್ಚು ತಿಳಿದಿತ್ತೆಂದು ಯಾರೂ ಹೇಳಲಾರರು. ಮಾರಿಕಾಂಬೆಗೆ ಹರಕೆ ಹೊತ್ತವರೇ ಸಾಲಿನಲ್ಲಿ ನಿಂತು ತೋಳು ಕೊಟ್ಟರು. ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು. ಲಸಿಕೆ ಹಾಕಿಸಿಕೊಂಡವರಿಗೆ ಚೀಟಿ ಸಿಗುತ್ತಿತ್ತು, ಆ ಚೀಟಿ ಇದ್ದವರಿಗೆ ಪ್ರತ್ಯೇಕವಾಸದ ಹಲವು ನಿರ್ಬಂಧಗಳಿಂದ ವಿನಾಯಿತಿ ಇತ್ತು. ಆದ್ದರಿಂದ ಇದನ್ನು ಶುದ್ಧ ನಂಬಿಕೆ ಎನ್ನಲಾಗದು, ಅದರಲ್ಲಿ ಲೆಕ್ಕಾಚಾರವಿತ್ತು. ಆದರೆ ಆ ಲೆಕ್ಕಾಚಾರ ಸಾಧ್ಯವಾದದ್ದೇ ಸರ್ಕಾರ ಕೊಟ್ಟ ಚೀಟಿಯನ್ನು ಸರ್ಕಾರದ ಪೇದೆ ನಾಳೆ ಗೌರವಿಸುತ್ತಾನೆ ಎಂಬ ಭರವಸೆಯಿಂದ. ಪುಣೆಯಲ್ಲಿ ಇಲ್ಲದೇ ಹೋದದ್ದು ಇಷ್ಟೇ ಸಾಧಾರಣವಾದ ಭರವಸೆ. ಸುತ್ತ ಸಾವುಗಳಾಗುತ್ತಿದ್ದಾಗ ಚುಚ್ಚಿಸಿಕೊಂಡ ನೆರೆಯವನು ಬದುಕಿ ಓಡಾಡುತ್ತಿದ್ದುದು ಕಣ್ಣೆದುರಿನ ಪುರಾವೆಯಾಯಿತು.

ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರು ಮುಟ್ಟಿತು. ಇಲ್ಲಿ ಮತ್ತೊಂದು ಆಕ್ಷೇಪವನ್ನು ಪರೀಕ್ಷಿಸಬಹುದು. ಪುಣೆಯ ಸಿಟ್ಟು ಪರಕೀಯ ಆಳ್ವಿಕೆಯ ಮೇಲಿನದು, ದೊರೆ ನಮ್ಮವರಾಗಿದ್ದರೆ ಹಾಗಾಗುತ್ತಿರಲಿಲ್ಲ ಎಂಬುದು ಅದು. ಮೈಸೂರಿನಲ್ಲಿ ಆಗ ದೊರೆ ನಮ್ಮವರೇ. ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಂಟಲಮಾರಿಗೆ ತುತ್ತಾದ ಮೇಲೆ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ಆಳುತ್ತಿದ್ದರು. ಕೆ. ಶೇಷಾದ್ರಿ ಅಯ್ಯರ್ ದಿವಾನರು. ಮಹಾರಾಣಿಯ ಬಗ್ಗೆ ಜನರಿಗೆ ಇದ್ದ ಗೌರವಕ್ಕೆ ಕೊರತೆಯಿರಲಿಲ್ಲ. ಪುಣೆಯಲ್ಲಿ ರ‍್ಯಾಂಡ್ ಗುಂಡಿಗೆ ಬಿದ್ದ ಆ ಜೂನ್ 22ರಂದೇ, ಅದೇ ವಜ್ರಮಹೋತ್ಸವದ ನೆನಪಿಗೆ, ಅವರು ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಅಡಿಗಲ್ಲು ಇಟ್ಟಿದ್ದರು. ಆದರೂ ರೈಲು ನಿಲ್ದಾಣದ ತಪಾಸಣೆ, ಶಂಕಿತರ ಶಿಬಿರ, ಮನೆಮನೆಯ ಶೋಧ ಇಲ್ಲಿಗೂ ಬಂದಾಗ ಬೆಂಗಳೂರಿನ ಪೇಟೆಗಳು ಬರಿದಾದವು, ಜನ ರೋಗಿಗಳನ್ನು ಮುಚ್ಚಿಟ್ಟರು. 1898ರ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ದಂಗೆಯೇ ಆಯಿತು. ಸ್ವಂತ ಮಹಾರಾಣಿಯ ಪ್ರಜೆಗಳು ಮಹಾರಾಣಿಯ ಪೊಲೀಸರ ಎದುರು ನಿಂತರು. ಆಳುವವರು ನಮ್ಮವರು ಎಂಬುದೊಂದೇ ಸಾಲಲಿಲ್ಲ ಎನ್ನಲು ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ.

ಆದರೂ ಮೈಸೂರಿನ ಕಥೆ ಪುಣೆಯ ಕಥೆಯಾಗಲಿಲ್ಲ. ಪ್ಲೇಗ್ ಕಮಿಷನರಾಗಿದ್ದವರು ಮುಂದೆ ದಿವಾನರೂ ಆದ ವಿ.ಪಿ. ಮಾಧವರಾವ್. ಮನೆ ಹೊಕ್ಕವರು ಕನ್ನಡ, ತೆಲುಗು, ತಮಿಳು ಮಾತಾಡಬಲ್ಲ ಊರಿನ ನೌಕರರು. ಇನ್ನೂ ಮುಖ್ಯವಾದದ್ದು ಸರ್ಕಾರ ಆಮೇಲೆ ಮಾಡಿದ ಕೆಲಸ. ಇಕ್ಕಟ್ಟಿನ ಪೇಟೆಯಿಂದ ಹೊರಬಂದವರಿಗೆ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ಬೀದಿ, ಗಾಳಿಬೆಳಕಿನ ನಿವೇಶನ ಸಿಕ್ಕವು. ಆ ಬಡಾವಣೆಗಳ ಯೋಜನೆ ಪ್ಲೇಗಿಗಿಂತ ಮುಂಚೆಯೇ ಇತ್ತು, ಜನ ಅಲ್ಲಿಗೆ ಭರದಿಂದ ಹೋದದ್ದು ಪ್ಲೇಗಿನ ನಂತರ. ವಿಕ್ಟೋರಿಯಾ ಆಸ್ಪತ್ರೆಯನ್ನು 1900ರ ಡಿಸೆಂಬರಿನಲ್ಲಿ ವೈಸರಾಯ್ ಕರ್ಜನ್ ಉದ್ಘಾಟಿಸಿದರು. ಮೈಸೂರು ನಗರಕ್ಕೆ 1903ರಲ್ಲಿ ನಗರ ಸುಧಾರಣಾ ಮಂಡಳಿ ಬಂತು. ಇವು ಎಲ್ಲರಿಗೂ ಸಮನಾಗಿ ದಕ್ಕಿದವೆಂದು ಹೇಳಲು ನನಗೆ ಮನಸ್ಸಾಗುವುದಿಲ್ಲ. ಹೊಸ ಬಡಾವಣೆಗಳ ಬೀದಿಗಳು ಜಾತಿವಾರು ಹಂಚಿಕೆಯಾದವು, ಹಳೆಯ ಪೇಟೆಯ ಬಡವರು ಬಹುಮಟ್ಟಿಗೆ ಅಲ್ಲೇ ಉಳಿದು ಬೀದಿ ಕೊನೆಯಲ್ಲಿ ಪ್ಲೇಗಮ್ಮನಿಗೆ ಗುಡಿ ಕಟ್ಟಿಕೊಂಡರು. ಆದರೂ ಬಾಗಿಲು ಒಡೆದ ಸರ್ಕಾರ ಬೇರೆ ಬಾಗಿಲನ್ನೂ ಕಟ್ಟಿಕೊಡುತ್ತದೆ ಎಂಬುದು ಒಂದಷ್ಟು ಜನರಿಗಾದರೂ ಕಾಣಿಸಿತು.

ಬ್ರಿಟಿಷ್ ಸರ್ಕಾರವೂ ಪಾಠ ಕಲಿಯಿತು. 1898ರ ಏಪ್ರಿಲ್ ಮೇ ತಿಂಗಳಲ್ಲಿ ಕಲ್ಕತ್ತೆಯಲ್ಲಿ ರೋಗ ಕಾಣಿಸಿಕೊಂಡು ಜನ ಗುಂಪುಗುಂಪಾಗಿ ಓಡತೊಡಗಿದಾಗ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಜಾನ್ ವುಡ್‌ಬರ್ನ್, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವುದಿಲ್ಲ, ಮನೆಯಲ್ಲೇ ರೋಗಿಯನ್ನು ಬೇರ್ಪಡಿಸಿ ಇಟ್ಟುಕೊಳ್ಳಬಹುದು ಎಂದು ಭರವಸೆ ಕೊಟ್ಟರು. ಶತಮಾನ ತಿರುಗುವ ಹೊತ್ತಿಗೆ ಸಿಪಾಯಿಗಳ ಮನೆ ಶೋಧ, ಹೆಣದ ಕಡ್ಡಾಯ ಪರೀಕ್ಷೆಗಳು ಹೆಚ್ಚುಕಡಿಮೆ ನಿಂತು, ಲಸಿಕೆಯೂ ಊರು ಬಿಡುವುದೂ ಜನರ ಇಚ್ಛೆಗೆ ಬಿಟ್ಟ ಕ್ರಮಗಳಾದವು. ವೆನಿಸ್ ಸಮ್ಮೇಳನದ ಒತ್ತಡದಲ್ಲಿ ಬೇರೆ ದಾರಿಯಿರಲಿಲ್ಲ ಎಂಬ ಸಮರ್ಥನೆ ಇಲ್ಲಿ ಸೋಲುತ್ತದೆ. ಎರಡು ಮೂರು ವರ್ಷಗಳಲ್ಲೇ ಬೇರೆ ದಾರಿ ಸಿಕ್ಕಿತು, ಹಡಗುಗಳು ಓಡಾಡುತ್ತಲೇ ಇದ್ದವು. ಬಂದರಿನಲ್ಲಿ ಪ್ರಯಾಣಿಕರ ತಪಾಸಣೆಯನ್ನು ಆ ಒತ್ತಡ ಅನಿವಾರ್ಯ ಮಾಡಿತ್ತೆಂದು ಒಪ್ಪೋಣ. ಪುಣೆಯ ಶನಿವಾರಪೇಟೆಯ ಅಡುಗೆಮನೆಗೆ ಬೂಟುಗಾಲು ಇಡಬೇಕೆಂದು ಯೂರೋಪಿನ ಯಾವ ದೇಶವೂ ಕೇಳಿರಲಿಲ್ಲ.

ಹೀಗೆ ತಿದ್ದಿಕೊಂಡ ಮೇಲೂ ನಂಬಿಕೆ ಎಷ್ಟು ತೆಳುವಾಗಿಯೇ ಉಳಿದಿತ್ತು ಎಂಬುದನ್ನು ಪಂಜಾಬ್ ತೋರಿಸಿತು. 1902ರ ಶರತ್ಕಾಲದಲ್ಲಿ ಅಲ್ಲಿ ಭಾರೀ ಪ್ರಮಾಣದ ಲಸಿಕೆ ಕಾರ್ಯಕ್ರಮ ಶುರುವಾಯಿತು. ಬಲವಂತವಿರಲಿಲ್ಲ, ಲಕ್ಷಗಟ್ಟಲೆ ಜನ ಒಪ್ಪಿ ಬಂದರು. ಅಕ್ಟೋಬರ್ 30ರಂದು ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಪಡೆದವರ ಪೈಕಿ ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡ ಹತ್ತೊಂಬತ್ತು ಮಂದಿ ಧನುರ್ವಾಯುವಿನಿಂದ ಸತ್ತರು. ಸರ್ಕಾರಕ್ಕೆ ಅಲ್ಲಿ ಎರಡು ಕೆಲಸವಿತ್ತು: ಸತ್ತವರ ಮನೆಗಳಿಗೆ ಸತ್ಯ ಹೇಳುವುದು, ಉಳಿದ ಊರುಗಳಿಗೆ ಆ ಒಂದು ಬಾಟಲಿಯ ವಿಷಯ ಬಿಡಿಸಿ ಹೇಳುವುದು. ಅದರ ಬದಲು ಸರ್ಕಾರ ಹಾಫ್‌ಕಿನ್‌ನನ್ನು ಹುದ್ದೆಯಿಂದ ಇಳಿಸಿ, ಮುಂಬಯಿಯ ಪರೇಲಿನ ಪ್ರಯೋಗಾಲಯದ ಮೇಲೆ ತಪ್ಪು ಹೊರಿಸಿ, ವಿಚಾರಣೆಯನ್ನು ವರ್ಷಗಟ್ಟಲೆ ಎಳೆಯಿತು. ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಿದ್ದು ಕಾರಣವಿರಬೇಕೆಂಬುದಕ್ಕೆ ಹಳ್ಳಿಯಲ್ಲೇ ಸುಳಿವು ಇತ್ತು. ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹಾಫ್‌ಕಿನ್ ಪರವಾಗಿ ದನಿಯೆತ್ತಿದ ಮೇಲೆ ಅದೇ ವರ್ಷದ ಕೊನೆಗೆ ಅವನು ದೋಷಮುಕ್ತನಾದ. ತಪ್ಪು ಯಾರದ್ದೆಂದು ಲಂಡನ್ನಿಗೆ ಗೊತ್ತಾಗಲು ಐದು ವರ್ಷ ಹಿಡಿಯಿತು. ಪಂಜಾಬಿನ ಹಳ್ಳಿಗಳು ಅಷ್ಟು ಕಾಯಲಿಲ್ಲ, 1902ರಲ್ಲೇ ತೋಳು ಹಿಂತೆಗೆದುಕೊಂಡವು. 1907ರ ಒಂದೇ ವರ್ಷ ಭಾರತದಲ್ಲಿ ಪ್ಲೇಗಿಗೆ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಸುಮಾರು ಅರ್ಧದಷ್ಟು ಪಂಜಾಬಿನವರು. ಅವರ ತೋಳಿಗೆ ಬೀಳಬೇಕಾಗಿದ್ದ ಲಸಿಕೆ ಆ ಹೊತ್ತಿಗೆ ಹತ್ತು ವರ್ಷ ಹಳೆಯದು, ಹುಬ್ಬಳ್ಳಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಅದನ್ನು ಹಾಕಿಸಿಕೊಂಡೇ ಒಂಬತ್ತು ವರ್ಷವಾಗಿತ್ತು.